ತಾಮ್ರದ ತಲೆಗಾಗಿ ಧಣಿಯೂ ನಾನೂ

ಊರಿಗೆ ಮರಳಿದ ಮೇಲೆ ಜನ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಗಲ್ಫಿನಲ್ಲಿ ಯಾವ ಕಂಪನಿ, ಕೊನೆಗೆ ಯಾವ ಪೋಸ್ಟು. ನನ್ನ ಉತ್ತರ ಕೇಳಿ ಅವರ ಮುಖ ಸಣ್ಣದಾಗುತ್ತದೆ. ಕಂಪನಿ ಅಲ್ಲ, ಸೌದಿಯ ಅಲ್ ಖೋಬರಿನ ಒಂದು ಹಳೆಯ ಬೀದಿಯ ಸಣ್ಣ ಅಂಗಡಿ. ಪೋಸ್ಟು ಸೇಲ್ಸ್‌ಮನ್. ಸೇರಿದ್ದೂ ಸೇಲ್ಸ್‌ಮನ್ ಆಗಿ, ಬಿಟ್ಟದ್ದೂ ಸೇಲ್ಸ್‌ಮನ್ ಆಗಿ. ಅಲ್ಲಿಗೆ ಅವರು ಮಾತು ಬದಲಿಸಿ ಮಳೆ, ಮೀನಿನ ದರ ಎಂದು ಶುರುಮಾಡುತ್ತಾರೆ. ಏನು ಮಾರುತ್ತಿದ್ದಿರಿ ಎಂಬ ಮೂರನೆಯ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ಮಾತ್ರ ನನಗೆ ರೆಕ್ಕೆ ಬರುತ್ತದೆ. ನಾನು ದುಡ್ಡು ಮಾರುತ್ತಿದ್ದೆ. ಚಲಾವಣೆ ನಿಂತ, ದೇಶವೇ ಬಿಟ್ಟುಕೊಟ್ಟ, ಒಂದು ಚಹಾ ಕೂಡ ಸಿಗದ ನಾಣ್ಯಗಳನ್ನು ಒಳ್ಳೆಯ ದುಡ್ಡಿಗೆ ಮಾರುತ್ತಿದ್ದೆ.

ಈಚೆಗೆ ನಮ್ಮ ಉಳ್ಳಾಲದ ಇಬ್ಬರು ತರುಣರಿಗೆ ದಮ್ಮಾಮಿನಲ್ಲಿ ಇಂಥದೇ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ವೀಸಾ ಬಂದ ದಿನವೇ ಬಂದು ಎಂತ ಕಲಿತುಕೊಂಡು ಹೋಗಬೇಕು ಎಂದು ಕೇಳಿದರು. ಅವರಿಗೆ ಹೇಳಲು ಕುಳಿತದ್ದು ಹೇಳಿ ಮುಗಿಯಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಇದರಲ್ಲಿ ವ್ಯಾಪಾರದ ಗುಟ್ಟು ಅಷ್ಟಾಗಿ ಇಲ್ಲ. ಹುಚ್ಚು ಇದೆ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ನನಗೆ ಮದುವೆ ಆಗಿ ಮಕ್ಕಳಾದ ಮೇಲೆ ಹಿಡಿದ ಹುಚ್ಚು ಇದು.

ಮೊದಲು ನನ್ನ ಧಣಿಯ ಪರಿಚಯ ಆಗಬೇಕು. ಅರಬರಲ್ಲಿ ಹಿರಿಯರನ್ನು ಅವರ ದೊಡ್ಡ ಮಗನ ಹೆಸರು ಹಿಡಿದು ಕರೆಯುವುದು ಪದ್ಧತಿ. ಇವರ ಮಗ ಮಾಜಿದ್, ಆದ್ದರಿಂದ ಇವರು ಅಬೂ ಮಾಜಿದ್. ನನ್ನ ಇಕಾಮಾ, ಅಂದರೆ ಆ ದೇಶದಲ್ಲಿ ಇರುವ ಪರವಾನಗಿ, ಇವರ ಹೆಸರಿನಲ್ಲಿ; ನನ್ನ ಹೊಣೆ ಹೊತ್ತ ಕಫೀಲ್ ಇವರೇ. ಮೊದಲು ಸರಕಾರಿ ಶಾಲೆಯಲ್ಲಿ ಭೂಗೋಳದ ಮೇಷ್ಟ್ರಾಗಿದ್ದರು. ನಿವೃತ್ತಿಯ ನಂತರ ಅಂಗಡಿ ತೆರೆದರೂ ಮೇಷ್ಟ್ರುತನ ಬಿಟ್ಟಿರಲಿಲ್ಲ. ಗೋಡೆಯ ಮೇಲೆ ದೊಡ್ಡ ನಕ್ಷೆ, ಪಕ್ಕದಲ್ಲಿ ಬೆತ್ತ. ಗಿರಾಕಿ ಒಂದು ನಾಣ್ಯದ ಬೆಲೆ ಕೇಳಿದರೆ ಮೊದಲು ಆ ದೇಶ ನಕ್ಷೆಯಲ್ಲಿ ಎಲ್ಲಿದೆ ತೋರಿಸು ಎನ್ನುತ್ತಿದ್ದರು. ತಪ್ಪು ತೋರಿಸಿದವನಿಗೆ ಬೆಲೆ ಸ್ವಲ್ಪ ಏರುತ್ತಿತ್ತು. ಇಂಥವರ ಕೈಕೆಳಗೆ ವ್ಯಾಪಾರ ಮಾಡುವುದು ಹೇಗೆ ಎಂದು ನಾನು ಮೊದಲ ವಾರ ಮೂರು ಹೊತ್ತೂ ಚಿಂತಿಸಿದೆ. ಆಮೇಲೆ ತಿಳಿಯಿತು, ಜನ ಬರುತ್ತಿದ್ದದ್ದೇ ಆ ಬೆತ್ತಕ್ಕಾಗಿ.

ಅವರು ನನಗೆ ಮೊದಲ ದಿನ ಹೇಳಿಕೊಟ್ಟದ್ದು ಎರಡು ಪಾಠ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು, ಮುಖಕ್ಕೆ ಬೆರಳು ತಾಗಬಾರದು. ಎರಡನೆಯದು, ನಾಣ್ಯವನ್ನು ಎಂದೆಂದಿಗೂ ತೊಳೆಯಬಾರದು. ನಮ್ಮ ಊರಿನವರಿಗೆ ಮೊದಲನೆಯದು ಸುಲಭ, ಎರಡನೆಯದು ಕಷ್ಟ. ತಾಮ್ರ, ಹಿತ್ತಾಳೆ ಕಪ್ಪಾಗಿದ್ದರೆ ನಮ್ಮ ಕೈ ತಾನಾಗಿ ಹುಣಸೆಹುಳಿಯ ಡಬ್ಬಿಗೆ ಹೋಗುತ್ತದೆ. ಆದರೆ ನಾಣ್ಯ ಸಂಗ್ರಹಿಸುವವರಿಗೆ ಆ ಕಪ್ಪೇ ಪ್ರಾಣ. ಅದು ನಾಣ್ಯದ ವಯಸ್ಸು, ಅದು ಓಡಾಡಿದ ಊರು, ಅದನ್ನು ತಿಕ್ಕಿ ತೆಗೆದರೆ ಉಳಿಯುವುದು ಬರೀ ಲೋಹ ಎನ್ನುತ್ತಾರೆ. ತೊಳೆದ ನಾಣ್ಯವನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ.

ಒಮ್ಮೆ ಸಮುದ್ರದ ಸೇತುವೆ ದಾಟಿ ಬಹ್ರೇನಿನಿಂದ ಒಬ್ಬ ಸೂಟಿನ ಗೃಹಸ್ಥ ಬೆಳ್ಳಿಯ ಹಳೆಯ ನಾಣ್ಯ ತಂದ. ಪಾಪ, ಧಣಿಗೆ ಚೆಂದ ಕಾಣಲಿ ಎಂದು ಬೆಳಿಗ್ಗೆ ಟೂತ್‌ಪೇಸ್ಟ್ ಹಾಕಿ ತಿಕ್ಕಿದ್ದ. ಅಬೂ ಮಾಜಿದ್ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಪುದೀನದ ವಾಸನೆ. ಅವರು ಬೈಯಲಿಲ್ಲ. ಎದ್ದು ಬಾಗಿಲು ತೆರೆದು ಹಿಡಿದು ಸುಮ್ಮನೆ ನಿಂತರು. ಆ ಮನುಷ್ಯ ತನ್ನ ನಾಣ್ಯ ತೆಗೆದುಕೊಂಡು ಹೊರಗೆ ಹೋಗುವ ತನಕ ನಿಂತೇ ಇದ್ದರು, ಆಮೇಲೆ ಅಂಗಡಿಗೆಲ್ಲ ಊದಿನ ಧೂಪ ಹಾಕಿಸಿದರು. ನಾನು ಈ ಕಥೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದೆನೆಂದರೆ ನನ್ನ ಹೆಂಡತಿ ನಫೀಸಾ ಅದನ್ನು ನನಗಿಂತ ಚೆನ್ನಾಗಿ ಅಭಿನಯಿಸಿ ತೋರಿಸುತ್ತಿದ್ದಳು.

ಇನ್ನೊಂದು ಕಟ್ಟಳೆ ಇತ್ತು, ಅದು ನನಗೆ ಮಾತ್ರ. ಮಾರುವವನು ಕೂಡಿಡಬಾರದು. ಮಿಠಾಯಿ ಅಂಗಡಿಯವನಿಗೆ ಸಿಹಿ ಆಸೆ ಇದ್ದರೆ ಅಂಗಡಿ ಉಳಿಯುವುದಿಲ್ಲ ಎಂಬುದು ಧಣಿಯ ವಾದ. ನಾನು ಒಪ್ಪಿದೆ, ಏಕೆಂದರೆ ಆಗ ನನಗೆ ಆಸೆಯೇ ಇರಲಿಲ್ಲ. ಸುಲ್ತಾನರ ನಾಣ್ಯ, ರಾಣಿಯ ನಾಣ್ಯ, ಎಲ್ಲವೂ ನನಗೆ ಬಟಾಣಿ ಕಡಲೆಯ ಹಾಗೆ. ಗಾತ್ರ ನೋಡಿ ಜೋಡಿಸುತ್ತಿದ್ದೆ, ಧಣಿ ಬಂದು ಅದನ್ನೆಲ್ಲ ಕೆಡಿಸಿ ನಕ್ಷೆಯ ಪ್ರಕಾರ ಜೋಡಿಸುತ್ತಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಂಬಂತೆ ಕೆಲವು ವರ್ಷ ಹೀಗೆಯೇ ನಡೆಯಿತು.

ಆಗ ಬಂತು ಆ ಡಬ್ಬ. ಕೆಲಸ ಬಿಟ್ಟು ಊರಿಗೆ ಹೊರಟ ಒಬ್ಬ ಮುದುಕ ಅಮೆರಿಕನ್ ತನ್ನ ಸಂಗ್ರಹವನ್ನೆಲ್ಲ ನಮಗೆ ಮಾರಿದ. ಜೊತೆಗೆ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಒಂದಿಷ್ಟು ಚಿಲ್ಲರೆಯನ್ನು ಪುಕ್ಕಟೆ ಕೊಟ್ಟು ಹೋದ. ಎಲ್ಲ ಮೆಕ್ಸಿಕೋದವು, ಎಂಬತ್ತರ ದಶಕದ ಮೊದಲ ಭಾಗದವು. ಆ ದೇಶದಲ್ಲಿ ಆಗ ಬೆಲೆಗಳು ಹುಚ್ಚು ಹಿಡಿದು ಏರುತ್ತಿದ್ದವಂತೆ. ಬೆಳಿಗ್ಗೆ ರೊಟ್ಟಿ ಸಿಗುತ್ತಿದ್ದ ದುಡ್ಡಿಗೆ ಸಂಜೆ ರೊಟ್ಟಿಯ ಅಂಚು ಸಿಗುವ ಕಾಲ. ಕೊನೆಗೆ ಸರಕಾರವೇ ಬೇಸತ್ತು ಸೊನ್ನೆಗಳನ್ನು ಕತ್ತರಿಸಿ ಹೊಸ ನಾಣ್ಯ ತಂದು, ಈ ಹಳೆಯವನ್ನೆಲ್ಲ ಕಸ ಮಾಡಿತು. ಅಬೂ ಮಾಜಿದ್ ಡಬ್ಬವನ್ನು ಅಲ್ಲಾಡಿಸಿ ನೋಡಿ, ಇದು ಕಸ, ಬೇಕಾದರೆ ನೀನು ಇಟ್ಟುಕೋ, ಇದಕ್ಕೆ ನನ್ನ ಕಟ್ಟಳೆ ಅನ್ವಯಿಸುವುದಿಲ್ಲ ಎಂದರು.

ನಾನು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಡಬ್ಬ ಮಗುಚಿ ಭೂತಗನ್ನಡಿ ಹಿಡಿದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. ರಾಜ ಇಲ್ಲ, ರಾಣಿ ಇಲ್ಲ, ಮೀಸೆಯ ಸೇನಾಪತಿ ಇಲ್ಲ. ಕಲ್ಲಿನ ಮುಖಗಳು! ಬಿಳಿಯರು ಹಡಗಿನಲ್ಲಿ ಬರುವುದಕ್ಕೆ ಎಷ್ಟೋ ಮೊದಲು ಆ ನೆಲದ ಜನ ಕಲ್ಲಿನಲ್ಲಿ ಕೆತ್ತಿದ್ದನ್ನೆಲ್ಲ ನಾಣ್ಯಕ್ಕೆ ಇಳಿಸಿದ್ದರು. ಒಂದರಲ್ಲಿ ಗರಿ ಹೊತ್ತ ಹಾವು ಬಾಯಿ ತೆರೆದು ನಿಂತಿದೆ. ಒಂದರಲ್ಲಿ ತಲೆಯ ಮೇಲೆ ತಲೆಗಿಂತ ದೊಡ್ಡ ಮುಡಿ ಹೊತ್ತ ಮಾಯಾ ದೊರೆ. ಒಂದರಲ್ಲಿ ಕೈಕಾಲು ಬೇರೆ ಬೇರೆಯಾದ ಚಂದ್ರದೇವಿ, ಆ ಸ್ಥಿತಿಯಲ್ಲೂ ಓಡುವ ಹಾಗೆ ಕಾಣುತ್ತಾಳೆ. ಉಕ್ಕಿನ ಸಣ್ಣದೊಂದರಲ್ಲಿ ನೀಳ ಮೂಗಿನ ಅರಸ. ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ಹೊಡೆದು ಮತ್ತೆ ಕುಳಿತೆ. ಇಷ್ಟು ಚೆಂದದ್ದನ್ನು ಇಷ್ಟು ಬೆಲೆಯಿಲ್ಲದ್ದರ ಮೇಲೆ ಯಾಕೆ ಹಾಕಿದರು ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಮನೆಯ ಮರ್ಯಾದೆ ಇಳಿಯುತ್ತಿರುವಾಗಲೇ ಜನ ಅಜ್ಜನ ಫೋಟೋವನ್ನು ದೊಡ್ಡದು ಮಾಡಿಸಿ ಚಾವಡಿಯಲ್ಲಿ ಹಾಕುವುದು.

ಆ ದಿನದಿಂದ ನನ್ನ ನಡೆಯೇ ಬದಲಾಯಿತು. ಕಡಲ ದಂಡೆಯ ಕಾರ್ನಿಷ್‌ನಲ್ಲಿ ಮನೆಯವರ ಜೊತೆ ಗಾಳಿಗೆ ಹೋದರೆ ಪಕ್ಕದ ಚಾಪೆಯವರು ಸ್ಪ್ಯಾನಿಷ್ ಮಾತಾಡುತ್ತಾರೋ ಎಂದು ಕಿವಿ ಇಡುತ್ತಿದ್ದೆ. ಮಗಳು ಸಮಾಜ ವಿಜ್ಞಾನದ ಪಾಠ ಕೇಳಿದರೆ ಯಾವ ಪಾಠವಾದರೂ ಮೆಕ್ಸಿಕೋಗೆ ಹೋಗಿ ನಿಲ್ಲುತ್ತಿತ್ತು. ನಫೀಸಾ ಇದನ್ನೆಲ್ಲ ನೋಡಿ ನೋಡಿ, ನಿಮಗೆ ಆ ತಗಡಿನ ಡಬ್ಬದಲ್ಲಿ ಯಾರೋ ಮದ್ದು ಹಾಕಿ ಕೊಟ್ಟಿದ್ದಾರೆ ಎಂದು ತೀರ್ಮಾನಿಸಿದಳು.

ಮದ್ದು ಧಣಿಗೂ ತಾಗಿತು. ಮೊದಲು ನನ್ನ ಹಿಂದೆ ನಿಂತು ಇಣುಕಿದರು. ಆಮೇಲೆ ಭೂತಗನ್ನಡಿ ಕಸಿದುಕೊಂಡರು. ಡಬ್ಬದಿಂದ ಒಳ್ಳೆಯವನ್ನು ಆರಿಸಿ ಇಬ್ಬರೂ ಒಂದೊಂದು ಮಖಮಲ್ಲಿನ ತಟ್ಟೆಯಲ್ಲಿ ಜೋಡಿಸಿಕೊಂಡೆವು. ಒಂದು ವಾರ ಕಳೆಯುವುದರೊಳಗೆ ನನ್ನ ತಟ್ಟೆಯ ಅತ್ಯುತ್ತಮ ಮಾಯಾ ದೊರೆ ಅವರ ತಟ್ಟೆಗೆ, ಅವರ ಸವೆದ ಮಾಯಾ ದೊರೆ ನನ್ನ ತಟ್ಟೆಗೆ ಬಂದಿದ್ದ. ಕೇಳಿದರೆ ಸೌದಿಯ ಸೆಕೆಗೆ ನಾಣ್ಯಗಳೂ ಸ್ವಲ್ಪ ಅತ್ತಿತ್ತ ಓಡಾಡುತ್ತವೆ ಎಂದರು. ಎಪ್ಪತ್ತರ ಮೇಲಿನ ಮನುಷ್ಯ ಹೀಗೆ ಹಸಿ ಹಸಿ ಸುಳ್ಳು ಹೇಳುವುದು ನೋಡಿ ನನಗೆ ಸಿಟ್ಟು ಬರಬೇಕಿತ್ತು, ಆದರೆ ಸಂತೋಷವಾಯಿತು. ಒಬ್ಬನೇ ಹುಚ್ಚನಾಗಿರುವುದಕ್ಕಿಂತ ಜೊತೆ ಇದ್ದರೆ ಲೇಸು.

ಕೊನೆಗೆ ನಾವಿಬ್ಬರೂ ಒಂದೇ ಕಡೆ ಸಿಕ್ಕಿಬಿದ್ದೆವು. ಕಲ್ಲಿನ ಮುಖಗಳ ಸಾಲಿನಲ್ಲಿ ಒಂದು ಮಾತ್ರ ಡಬ್ಬದಲ್ಲಿ ಇರಲಿಲ್ಲ. ಎಲ್ಲಕ್ಕಿಂತ ಸಣ್ಣ ಬೆಲೆಯದು, ಎಲ್ಲಕ್ಕಿಂತ ಹಳೆಯ ಮುಖದ್ದು. ಕಾಡಿನಲ್ಲಿ ಸಿಕ್ಕಿದ ಆಳೆತ್ತರದ ಕಲ್ಲಿನ ತಲೆಯ ಚಿತ್ರ, ದಪ್ಪ ತುಟಿ, ಹಣೆಗೆ ಬಿಗಿದ ಶಿರಸ್ತ್ರಾಣ. ಅದು ಕಂಚಿನದು, ಆದರೂ ನಾವು ತಾಮ್ರದ ತಲೆ ಎಂದೇ ಕರೆಯುತ್ತಿದ್ದೆವು. ಬೆಲೆ ಏರುವ ಕಾಲದಲ್ಲಿ ಮೊದಲು ಸಾಯುವುದು ಸಣ್ಣ ನಾಣ್ಯ. ಯಾರೂ ಅದನ್ನು ಎತ್ತಿಡುವುದಿಲ್ಲ, ಸಮುದ್ರ ದಾಟಿಸುವ ಮಾತಂತೂ ದೂರ. ಆದ್ದರಿಂದ ಲಕ್ಷ ಲಕ್ಷ ಟಂಕಿಸಿದ್ದರೂ ಅಲ್ ಖೋಬರಿನಲ್ಲಿ ಒಂದೂ ಇರಲಿಲ್ಲ. ನನ್ನ ತಟ್ಟೆಯ ಮಖಮಲ್ಲಿನಲ್ಲಿ ಒಂದು ಖಾಲಿ ಗುಂಡಿ, ಅವರ ತಟ್ಟೆಯಲ್ಲಿ ಒಂದು ಖಾಲಿ ಗುಂಡಿ. ಬೆಳಿಗ್ಗೆ ಬಾಗಿಲು ತೆರೆದಾಗ ಇಬ್ಬರೂ ಮೊದಲು ನೋಡುತ್ತಿದ್ದದ್ದು ಆ ಗುಂಡಿಗಳನ್ನೇ.

ಈಗಿನ ತರುಣರು ನಗಬಹುದು, ಫೋನಿನಲ್ಲಿ ಬೆರಳಾಡಿಸಿದರೆ ಬರುತ್ತಿತ್ತಲ್ಲ ಎಂದು. ಆ ಹೊತ್ತಿಗೆ ನಮ್ಮ ಅಂಗಡಿಗೂ ಹೊಸ ಕಾಲ ಬಂದಿತ್ತು. ಗಿರಾಕಿಗಳು ನಾಣ್ಯದ ಫೋಟೋ ಹೊಡೆದು ಅಲ್ಲೇ ನಿಂತು ಲಂಡನ್ನಿನ ಬೆಲೆ ನೋಡಿ ಚೌಕಾಸಿಗೆ ಇಳಿಯುತ್ತಿದ್ದರು. ನಾವೂ ಆನ್‌ಲೈನ್ ಹರಾಜಿನಲ್ಲಿ ಕೊಂಡು ಮಾರುತ್ತಿದ್ದೆವು. ಆದರೆ ಕಲ್ಲಿನ ಮುಖಗಳ ವಿಷಯದಲ್ಲಿ ನಾವಿಬ್ಬರೂ ಅರಬರ ಕಾಫಿ ಖಹ್ವಾ ಕುಡಿಯುತ್ತ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ತಾಮ್ರದ ತಲೆ ಕೈಯಿಂದ ಕೈಗೆ ಬರಬೇಕು, ಬಟನ್ ಒತ್ತಿ ತರಿಸಬಾರದು. ಅಂಗಡಿಯ ಬಾಗಿಲಿನಿಂದ ಒಳಗೆ ಬಂದರೆ ಧಣಿಗೆ, ಹೊರಗೆಲ್ಲಾದರೂ ಸಿಕ್ಕಿದರೆ ನನಗೆ. ಸಿಕ್ಕಿದವನ ತಟ್ಟೆ ತುಂಬುತ್ತದೆ, ಇನ್ನೊಬ್ಬ ಹೊಟ್ಟೆ ಉರಿಸಿಕೊಳ್ಳಬೇಕು. ನ್ಯಾಯವಾಗಿಯೇ ಇತ್ತು.

ಸೌದಿಯ ಆಗಿನ ಅಂಗಡಿಗಳ ಒಂದು ರೀತಿಯನ್ನು ಇಲ್ಲಿ ಹೇಳಬೇಕು. ಬಾಂಗ್ ಆದೊಡನೆ ಶಟರ್ ಎಳೆದು ನಮಾಜಿಗೆ ಹೋಗಬೇಕು, ಗಿರಾಕಿಗಳು ಹೊರಗೆ ಕಾಯಬೇಕು. ಒಂದು ದಿನ ಇಳಿಹೊತ್ತಿನ ಅಸರ್ ನಮಾಜಿನ ಗಡಿಬಿಡಿಯಲ್ಲಿ ಧಣಿ ಒಳಗೆ ಯಾರೂ ಇಲ್ಲವೆಂದುಕೊಂಡರು, ನಾನು ಧಣಿ ನೋಡಿದ್ದಾರೆಂದುಕೊಂಡೆ. ಶಟರ್ ಎಳೆದು ಹೋದೆವು. ಮರಳಿ ಬಂದು ಎತ್ತಿದರೆ ಹಿಂದಿನ ಕಪಾಟಿನ ಕೆಳಗೆ ನೆಲದಲ್ಲಿ ಒಬ್ಬ ದಪ್ಪ ಮನುಷ್ಯ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾನೆ. ಮಡಿಲಲ್ಲಿ ನನ್ನ ಬಿಸ್ಕತ್ತಿನ ಡಬ್ಬ. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ಗೋಪುರ ಕಟ್ಟಿದ್ದಾನೆ, ನಗುತ್ತಿದ್ದಾನೆ, ಕಣ್ಣು ಒದ್ದೆ.

ಅವನ ಹೆಸರು ಎರ್ನೆಸ್ಟೊ. ರಾಸ್ ತನೂರಾದ ತೈಲ ಘಟಕದಲ್ಲಿ ಎಂಜಿನಿಯರು, ಹುಟ್ಟಿದ್ದು ಮೆಕ್ಸಿಕೋದಲ್ಲಿ. ಶಟರ್ ಬಿದ್ದಾಗ ಹೆದರಿದನಂತೆ, ಡಬ್ಬ ಕಂಡ ಮೇಲೆ ಶಟರ್ ಏಳುವುದೇ ಬೇಡ ಅನ್ನಿಸಿತಂತೆ. ಅವನ ಅಪ್ಪ ಬಸ್ ಡ್ರೈವರು. ಬೋಲ್ಟಿಗೆ ಹಾಕುವ ವಾಷರಿಗಿಂತ ನಾಣ್ಯವೇ ಅಗ್ಗವಾದ ಕಾಲದಲ್ಲಿ ಅಪ್ಪ ಚಂದ್ರದೇವಿಗೆ ತೂತು ಕೊರೆದು ವಾಷರ್ ಮಾಡಿದ್ದರಂತೆ. ದೇವಿ ಬಸ್ಸಿನಡಿಯಲ್ಲಿ ಎಷ್ಟೋ ವರ್ಷ ಸಂಚಾರ ಮಾಡಿದಳು ಎಂದು ಹೇಳಿ ಹೊಟ್ಟೆ ಹಿಡಿದು ನಕ್ಕ. ನಾವೂ ನಕ್ಕೆವು. ಧಣಿ ಬೆತ್ತ ಕೊಟ್ಟು ಅವನ ಊರನ್ನು ನಕ್ಷೆಯಲ್ಲಿ ತೋರಿಸಲು ಹೇಳಿದರು. ಸರಿಯಾಗಿ ತೋರಿಸಿದ, ಖರ್ಜೂರ ಸಿಕ್ಕಿತು.

ಆಮೇಲೆ ನಾವಿಬ್ಬರೂ ಒಟ್ಟಿಗೆ ತಾಮ್ರದ ತಲೆಯ ಬಗ್ಗೆ ಕೇಳಿದೆವು. ಅವನಿಗೆ ತಿಳಿದಿತ್ತು. ಅದನ್ನು ಯಾರೂ ಇಟ್ಟುಕೊಳ್ಳಲಿಲ್ಲ, ಏನೂ ಅಲ್ಲದ ವಸ್ತು ಅದು, ಆದರೆ ನನ್ನ ಅಮ್ಮ ಏನೂ ಅಲ್ಲದ್ದನ್ನೆಲ್ಲ ಇಟ್ಟುಕೊಳ್ಳುವವಳು ಎಂದ. ರಜೆಯಲ್ಲಿ ಹೋದಾಗ ಹುಡುಕಿ ತರುತ್ತೇನೆ ಎಂದು ಎದೆ ಮುಟ್ಟಿ ಮಾತು ಕೊಟ್ಟ. ನಾನು ಮತ್ತು ಧಣಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸ್ನೇಹದ ನೋಟವಾಗಿರಲಿಲ್ಲ.

ಅವನ ರಜೆಯ ಉದ್ದಕ್ಕೂ ನಮ್ಮ ಅಂಗಡಿಯಲ್ಲಿ ಬಹಳ ಮರ್ಯಾದೆಯ ಮಾತುಕತೆ ನಡೆಯಿತು. ಧಣಿ ನನಗಿಂತ ಮೊದಲೇ ಬಂದು ಬಾಗಿಲಲ್ಲಿ ಕುರ್ಚಿ ಹಾಕಿ ಕೂರತೊಡಗಿದರು. ಕೇಳಿದರೆ ಡಾಕ್ಟರು ಗಾಳಿಗೆ ಕೂರಲು ಹೇಳಿದ್ದಾರೆ ಎಂದರು. ಹೊರಗಿನ ಗಾಳಿಯೋ, ಕಬ್ಬಿಣ ಕಾಯಿಸುವ ಗಾಳಿ. ನಾನೂ ಸುಮ್ಮನಿರಲಿಲ್ಲ. ಅವರು ಚಾಪೆಯ ಕೆಳಗೆ ನುಸುಳಿದರೆ ನಾನು ರಂಗೋಲಿಯ ಕೆಳಗೆ ನುಸುಳುವವನು. ನಮ್ಮ ಕಾಪುವಿನ ರಾಜೀವಣ್ಣ ರಾಸ್ ತನೂರಾದಲ್ಲಿ ಎರ್ನೆಸ್ಟೊ ಇದ್ದ ಕಡೆಯೇ ಸೂಪರ್‌ವೈಸರ್. ನನ್ನ ಹಳೆಯ ಸ್ನೇಹಿತ, ರಜೆಯ ದಿನಗಳಲ್ಲಿ ನಫೀಸಾಳ ಮೀನುಸಾರಿಗೆ ಬರುವವ. ಅವನಿಗೆ ಫೋನ್ ಮಾಡಿ, ಎರ್ನೆಸ್ಟೊ ಮರಳಿದ ಕೂಡಲೇ ನಾಣ್ಯವನ್ನು ಅಲ್ಲಿಯೇ ಇಸಿದುಕೊಂಡು ಸೀದಾ ನನ್ನ ಮನೆಗೆ ತರಬೇಕು, ಅಂಗಡಿಯ ಬಾಗಿಲ ಹತ್ತಿರ ಸುಳಿಯಲೂ ಬಾರದು ಎಂದೆ.

"ಅಲ್ಲ ಮಾರಾಯ, ನಾಣ್ಯವಾ ಅಥವಾ ಬೇರೆ ಎಂತಾದರೂ ಉಂಟಾ?" ಎಂದು ಅವನು ದನಿ ತಗ್ಗಿಸಿ ಕೇಳಿದ. ನಾಣ್ಯವೇ ಎಂದು ನಂಬಿಸಲು ನನಗೆ ಸಾಕುಬೇಕಾಯಿತು.

ಒಂದು ಗುರುವಾರ ಸಂಜೆ ರಾಜೀವಣ್ಣ ಬಂದ. ಮಾತ್ರೆಯ ಸಣ್ಣ ಡಬ್ಬಿ, ಒಳಗೆ ಹತ್ತಿ, ಹತ್ತಿಯೊಳಗೆ ಅದು. ಎರ್ನೆಸ್ಟೊನ ತಾಯಿ ಹೊಲಿಗೆ ಯಂತ್ರದ ಖಾನೆಯಲ್ಲಿ ಅಂಗಿಯ ಗುಂಡಿಗಳ ಜೊತೆ ಇಟ್ಟಿದ್ದರಂತೆ. ಒಂದೇ ಒಂದು. ಸುಟ್ಟ ಗೇರುಬೀಜದ ಹಾಗೆ ಕಪ್ಪಗಿತ್ತು. ಭೂತಗನ್ನಡಿ ಹಿಡಿದರೂ ಮುಖ ಸರಿಯಾಗಿ ಕಾಣಲಿಲ್ಲ, ತುಟಿಯ ಉಬ್ಬು ಮಾತ್ರ. ನನಗೆ ಅಷ್ಟೇ ಸಾಕಿತ್ತು. ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ಕುಣಿದೆ. ಮಗಳು ಅಬ್ಬಾ, ಪ್ಲೀಸ್, ನೇಬರ್ಸ್ ಎಂದಳು. ರಾಜೀವಣ್ಣ ಊಟ ಮಾಡುತ್ತಲೇ ತಲೆ ಅಲ್ಲಾಡಿಸಿದ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತ. ಆದರೆ ಗೆದ್ದವನಿಗೆ ಸೋತವನ ದನಿ ಕೇಳದೆ ಊಟ ಸೇರುವುದಿಲ್ಲ. ಧಣಿಗೆ ಫೋನ್ ಹಚ್ಚಿ, ತಾಮ್ರದ ತಲೆ ನನ್ನ ಮನೆಯಲ್ಲಿದೆ, ಅಂಗಡಿಯ ಬಾಗಿಲನ್ನು ಕಂಡೂ ಇಲ್ಲ ಎಂದು ಹೇಳಿಬಿಟ್ಟೆ. ಆ ಕಡೆಯಿಂದ ಮೇಷ್ಟ್ರ ದನಿ ಬಂತು.

"ಯಾ ಇಸ್ಮಾಯಿಲ್, ಅವನು ಮಾತು ಕೊಟ್ಟದ್ದು ಎಲ್ಲಿ? ನನ್ನ ಬಾಗಿಲ ಒಳಗೆ. ಮಾತು ಎಲ್ಲಿ ಹುಟ್ಟಿತೋ ನಾಣ್ಯ ಅಲ್ಲಿಗೆ ಸೇರಿದ್ದು."

ನಾನು ವಾದಿಸಿದೆ. ಅವರು ನಾವಿಬ್ಬರೂ ಸೇರಿ ಮಾಡಿದ ಒಪ್ಪಂದವನ್ನು ಶಬ್ದ ಶಬ್ದ ಬಿಡಿಸಿ ನನ್ನನ್ನೇ ಕಟ್ಟಿಹಾಕಿದರು. ನಾಳೆ ಶುಕ್ರವಾರ, ಅಸರ್ ಆದ ಮೇಲೆ ಸಂಗ್ರಾಹಕರ ಮಜ್ಲಿಸ್ ಇದೆ, ಅದಕ್ಕೆ ಮೊದಲು ತಂದುಕೊಡು, ಹಲಾಸ್, ಮಾತು ಮುಗಿಯಿತು ಎಂದರು. ಅವರ ಮಾತಿನಲ್ಲಿ ಕಫೀಲನ ಜೋರು ಇರಲಿಲ್ಲ, ಇದ್ದಿದ್ದರೆ ನಾನು ಜಗಳವಾಡಬಹುದಿತ್ತು. ನ್ಯಾಯ ಇತ್ತು, ಅದೇ ಕಷ್ಟ. ನಾನು ಫೋನಿಟ್ಟು ಮೀನಿನ ಮುಳ್ಳು ನೋಡುತ್ತ ಕುಳಿತೆ. ಆ ಅಂಗಡಿಯಲ್ಲಿ ಸಾವಿರಾರು ನಾಣ್ಯ ನನ್ನ ಕೈದಾಟಿ ಹೋಗಿವೆ, ಯಾವುದೂ ನನ್ನದೆಂದು ಅನ್ನಿಸಿರಲಿಲ್ಲ. ಇದೊಂದು ಅನ್ನಿಸಿತ್ತು. ನಫೀಸಾ ನನ್ನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದಳು.

ಮರುದಿನ ಜುಮಾ ನಮಾಜು ಮುಗಿಸಿ ಮನೆಗೆ ಬಂದರೆ ಬಾಗಿಲಲ್ಲೇ ಹುಣಸೆಹುಳಿಯ ವಾಸನೆ. ಸಾರಿನ ವಾಸನೆಯಲ್ಲ, ಹಸಿ ಹುಳಿಯದು. ನಫೀಸಾ ಸಿಂಕಿನ ಎದುರು ನಿಂತು ಅಂಗೈ ಮುಂದೆ ಚಾಚಿದಳು. ಉಪ್ಪು, ಹುಳಿ ಹಾಕಿ ಹಂಡೆ ಬೆಳಗುವ ಹಾಗೆ ಬೆಳಗಿದ್ದಳು. ಅಂಗೈಯ ಮೇಲೆ ಉದಯದ ಸೂರ್ಯ ಕುಳಿತ ಹಾಗೆ ಕುಳಿತಿತ್ತು. ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದು, ನೀನು ಮಾಡಿದ್ದು ಎಂತ, ಇಪ್ಪತ್ತು ಸಲ ಹೇಳಿದ್ದೇನಲ್ಲ, ತೊಳೆದ ನಾಣ್ಯವನ್ನು ಧಣಿ ಮುಟ್ಟುವುದಿಲ್ಲ ಎಂದು ಬಡಬಡಿಸಿದೆ.

"ಅದೇ ಅಲ್ವಾ?" ಎಂದಳು ನಫೀಸಾ ಕೈ ಒರೆಸಿಕೊಳ್ಳುತ್ತ. "ಅವರು ಮುಟ್ಟುದಿಲ್ಲ. ಅವರು ಮುಟ್ಟದ್ದು ಮತ್ತೆ ಯಾರಿಗೆ ಬರ್ತದೆ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಸ್ಟೂಲಿನಿಂದ ಎದ್ದ ರಭಸಕ್ಕೆ ಅದು ಮಗುಚಿ ಬಿತ್ತು. ಎಲಾ ಹೆಣ್ಣೇ! ಮದುವೆಯಾದ ಇಷ್ಟು ವರ್ಷದಲ್ಲಿ ಇವಳ ತಲೆಯಲ್ಲಿ ಇಂಥ ವಕೀಲ ಇದ್ದಾನೆಂದು ನನಗೆ ತಿಳಿದಿರಲಿಲ್ಲ. ಧಣಿಗೆ ಕೊಡುವುದನ್ನು ಕೊಟ್ಟ ಹಾಗೂ ಆಯಿತು, ಅವರು ಬೇಡವೆಂದ ಹಾಗೂ ಆಯಿತು, ಮಾತೂ ಉಳಿಯಿತು, ತಲೆಯೂ ಉಳಿಯಿತು. ಸಂಗ್ರಾಹಕನಿಗೆ ತೊಳೆದದ್ದು ಬೇಡದಿರಬಹುದು, ನಾನು ಸೇಲ್ಸ್‌ಮನ್, ನನಗೆ ಬೇಕು. ಊಟಕ್ಕೂ ಕೂರದೆ ಹೊರಟೆ. ದಾರಿಯಲ್ಲಿ ಟ್ಯಾಕ್ಸಿಯ ಪಾಕಿಸ್ತಾನಿ ಡ್ರೈವರು, ಭಾಯಿ, ಮನೆಯಲ್ಲಿ ಮದುವೆಯೇ ಎಂದು ಕೇಳಿದ. ಅದಕ್ಕಿಂತ ದೊಡ್ಡದು ಎಂದೆ.

ಅಬೂ ಮಾಜಿದ್ ತಟ್ಟೆ ಎದುರಿಗಿಟ್ಟುಕೊಂಡು ಕಾಯುತ್ತಿದ್ದರು. ನಾನು ಮುಖವನ್ನು ಆದಷ್ಟು ಬಾಡಿಸಿಕೊಂಡು ಡಬ್ಬಿ ಕೊಟ್ಟೆ. ಮನೆಯವಳು ತಿಳಿಯದೆ ಹುಳಿಯಲ್ಲಿ ತಿಕ್ಕಿಬಿಟ್ಟಿದ್ದಾಳೆ, ನಿಮಗೆ ಉಪಯೋಗಕ್ಕೆ ಬಾರದು, ಮಾಫಿ ಮಾಡಬೇಕು ಎಂದೆ. ಅವರು ಹತ್ತಿ ಬಿಡಿಸಿದರು. ಅಂಚು ಹಿಡಿದು ಎತ್ತಿದರು. ಮೂಗಿನ ಹತ್ತಿರ ತಂದು ಮೂಸಿದರು. ನಾನು ಬಾಗಿಲ ಕಡೆ ನೋಡಿದೆ, ಇನ್ನೇನು ಎದ್ದು ಅದನ್ನು ತೆರೆದು ಹಿಡಿಯುತ್ತಾರೆ ಎಂದು.

ಅವರು ಏಳಲಿಲ್ಲ. ಭೂತಗನ್ನಡಿ ಎತ್ತಿಕೊಂಡರು. ಒಂದು ಕಡೆಯಿಂದ ನೋಡಿದರು, ದೀಪದ ಕೆಳಗೆ ಹಿಡಿದು ಇನ್ನೊಂದು ಕಡೆಯಿಂದ ನೋಡಿದರು. ಎಷ್ಟೋ ಸಾವಿರ ನಾಣ್ಯಗಳ ಕಪ್ಪನ್ನು ಕಾಪಾಡಿದ ಮನುಷ್ಯ ಮೊದಲ ಸಲ ಕಪ್ಪು ಇಲ್ಲದ ಮುಖ ನೋಡುತ್ತಿದ್ದರು.

"ಯಾ ಇಸ್ಮಾಯಿಲ್, ಇವನು ನನ್ನನ್ನೇ ನೋಡುತ್ತಿದ್ದಾನೆ," ಎಂದರು ಮೆಲ್ಲಗೆ.

ಹೇಳಿ, ತಾಮ್ರದ ತಲೆಯನ್ನು ತಮ್ಮ ತಟ್ಟೆಯ ಖಾಲಿ ಗುಂಡಿಯೊಳಗೆ ಇಳಿಸಿದರು. ಅಳತೆ ತೆಗೆದು ಮಾಡಿಸಿದ ಹಾಗೆ ಕುಳಿತುಕೊಂಡಿತು. ನಾನು ತೊಳೆದದ್ದು, ತೊಳೆದದ್ದು ಎಂದು ಎರಡು ಸಲ ಹೇಳಿದೆ. ಗೊತ್ತು, ಗೊತ್ತು ಎಂದು ಅವರೂ ಎರಡು ಸಲ ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಫೀಸಾಳ ಲೆಕ್ಕದಲ್ಲಿ ತಪ್ಪಿರಲಿಲ್ಲ, ಅವಳ ಕೈಯಲ್ಲಿ ತಪ್ಪಿತ್ತು. ಆ ಕೈ ಅಷ್ಟು ಚೆಂದ ಬೆಳಗಬಾರದಿತ್ತು.

ಇಷ್ಟರಲ್ಲಿ ಮಜ್ಲಿಸ್‌ನವರು ಬಂದರು. ನಾಣ್ಯ ಕೂಡಿಡುವ ನಾಲ್ಕೈದು ಹಿರಿಯರು, ಎಲ್ಲರೂ ಧಣಿಯಿಂದಲೇ ಪಾಠ ಹೇಳಿಸಿಕೊಂಡವರು. ಅವರು ನಾಣ್ಯಗಳಿಗೆ ದರ್ಜೆ ಕೊಡುತ್ತಾರೆ. ಇದು ಮುಟ್ಟದ್ದು, ಅಂದರೆ ಯಾರ ಕೈಯೂ ತಾಗದ್ದು, ಇದು ಬಹಳ ಚೆಂದ, ಇದು ಚೆಂದ, ಇದು ಪರವಾಗಿಲ್ಲ ಹೀಗೆ. ಗುಂಪಿನಲ್ಲಿ ದಮ್ಮಾಮಿನ ಒಬ್ಬ ದಂತವೈದ್ಯರು ಬಹಳ ಖಡಕ್. ತಟ್ಟೆ ಕಂಡೊಡನೆ ಎಲ್ಲರೂ ಮಾಷಾ ಅಲ್ಲಾ ಎಂದು ಬಗ್ಗಿದರು, ವೈದ್ಯರು ಮಾತ್ರ ತಾಮ್ರದ ತಲೆಯನ್ನು ಅಂಚಿನಲ್ಲಿ ಎತ್ತಿ, ಮೂಗಿನ ಹತ್ತಿರ ತಂದು, ಹುಬ್ಬು ಗಂಟಿಕ್ಕಿದರು. ಅಬೂ ಮಾಜಿದ್, ಇದನ್ನು ತೊಳೆದಿದ್ದಾರೆ ಎಂದರು.

ಎಲ್ಲರೂ ಧಣಿಯನ್ನು ನೋಡಿದರು. ಅವರು ಅವಸರವಿಲ್ಲದೆ ಖಹ್ವಾದ ಲೋಟ ಕೆಳಗಿಟ್ಟು, ಬೆತ್ತ ಎತ್ತಿ ಎದ್ದರು. ಬೆತ್ತದ ತುದಿ ಮೆಕ್ಸಿಕೋದ ಕಡೆಗೆ ಹೋಗಲಿಲ್ಲ. ಸಮುದ್ರ ದಾಟಿ ನಮ್ಮ ಕರಾವಳಿಗೆ ಬಂದು ಮಂಗಳೂರಿನ ಮೇಲೆ ನಿಂತಿತು.

"ತೊಳೆದದ್ದಲ್ಲ ಡಾಕ್ಟರೇ," ಎಂದರು ಪಾಠ ಹೇಳುವ ದನಿಯಲ್ಲಿ. "ಇದಕ್ಕೆ ಮಂಗಳೂರು ದರ್ಜೆ ಎನ್ನುತ್ತಾರೆ. ಮುಟ್ಟದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ."

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಮಂಗಳೂರಿನವನು ಆ ಅಂಗಡಿಯಲ್ಲಿ ನಾನೊಬ್ಬನೇ. ಧಣಿ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಅವರ ಮರ್ಯಾದೆ ಅಷ್ಟೂ ನನ್ನ ನಾಲಿಗೆಯ ತುದಿಯಲ್ಲಿತ್ತು, ನನ್ನ ತಾಮ್ರದ ತಲೆ ಅವರ ತಟ್ಟೆಯಲ್ಲಿತ್ತು. ಒಳಗಿನಿಂದ ನಗು ಉಕ್ಕಿ ಉಕ್ಕಿ ಬರುತ್ತಿತ್ತು, ಹಲ್ಲು ಕಚ್ಚಿ ಹಿಡಿದೆ. ಏನೇ ಆದರೂ ನಾನು ಸೇಲ್ಸ್‌ಮನ್. ಅಂಗಿಯ ಕಾಲರ್ ಸರಿಮಾಡಿಕೊಂಡು ಮುಂದೆ ಬಂದು, ಹೌದು ಡಾಕ್ಟರ್ ಸಾಬ್, ಬಹಳ ಅಪರೂಪದ ದರ್ಜೆ, ಇಡೀ ಸೌದಿಯಲ್ಲಿ ಇರುವುದು ಇದೊಂದೇ ಎಂದೆ.